ಬೀಸುಕಲ್ಲಿನ ಲೆಕ್ಕ

ಎಂ.ಎ. ಕೊನೆಯ ವರ್ಷದ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಹತ್ತೊಂಬತ್ತನೆಯ ಶತಮಾನದ ವಿಜಯಪುರ ಜಿಲ್ಲೆ. 1884ರಲ್ಲಿ ಮುಂಬಯಿ ಸರ್ಕಾರ ಹೊರತಂದ ಗೆಜೆಟಿಯರ್ ನನ್ನ ಪಾಲಿಗೆ ಪಂಚಾಂಗವಿದ್ದಂತೆ. ಮಳೆ, ಬೆಳೆ, ಕಂದಾಯ, ಕೆರೆ, ಏನು ಬೇಕಾದರೂ ಅದನ್ನೇ ತೆರೆಯುತ್ತಿದ್ದೆ. ಅದರಲ್ಲಿ ಒಂದೊಂದು ಜಾತಿಗೂ ಒಂದೊಂದು ಪರಿಚಯವಿದೆ: ಮೈಬಣ್ಣ, ಊಟ, ಉಡುಗೆ, ಕೊನೆಗೆ ಸ್ವಭಾವ. ಆ ಸ್ವಭಾವದ ಸಾಲುಗಳನ್ನು ಕನ್ನಡಕ್ಕೆ ಇಳಿಸಿ, ಅಡಿಟಿಪ್ಪಣಿ ಹಾಕಿದೆ. ಒಳ್ಳೆಯ ಅಂಕಗಳೂ ಬಂದವು.

ಮುಂದೆ ಬಾಗಲಕೋಟೆ ಜಿಲ್ಲೆಯ ಒಂದು ಪದವಿ ಕಾಲೇಜಿಗೆ ಪಾಠ ಹೇಳಲು ಬಂದೆ. ಅದೇ ಟಿಪ್ಪಣಿಗಳನ್ನು ಓದುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: "ಸರ್, ಇದನ್ನು ಬರೆದವರು ನಮ್ಮ ಮನೆಯವರನ್ನು ಯಾವಾಗ ನೋಡಿದ್ದರು?"

ನನ್ನಲ್ಲಿ ಉತ್ತರವಿರಲಿಲ್ಲ. ಆ ಸಾಲುಗಳನ್ನು ಅವಳ ಎದುರಿಗೆ ಸತ್ಯವೆಂದು ಓದಿದವನು ಯಾವ ಸಾಹೇಬನೂ ಅಲ್ಲ, ನಾನು. ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಪೆರು ದೇಶದ ಸಮಾಜಶಾಸ್ತ್ರಜ್ಞ ಅನಿಬಾಲ್ ಕಿಹಾನೊ ಅವರನ್ನು ಓದಿದ್ದು ಆಮೇಲೆ. ಪರರ ಆಳ್ವಿಕೆ ಮುಗಿದ ಮೇಲೂ ಅದು ಕಟ್ಟಿದ ಮೇಲುಕೀಳುಗಳು ಜ್ಞಾನದೊಳಗೆ ಉಳಿದುಬಿಡುತ್ತವೆ ಎಂಬ ಅವರ ಮಾತು ನನ್ನ ತರಗತಿಯನ್ನೇ ಕುರಿತು ಹೇಳಿದಂತಿತ್ತು. ಅವನ್ನು ಅಲ್ಲಿಂದ ಕಿತ್ತುಹಾಕುವ ಕೆಲಸಕ್ಕೆ ಕನ್ನಡದಲ್ಲಿ ನಿರ್ವಸಾಹತೀಕರಣ ಎನ್ನುತ್ತೇವೆ. ಆದರೆ ವಸಾಹತು ಎಂದರೆ ನಮ್ಮ ಹುಡುಗರಿಗೆ ಮೊದಲು ನೆನಪಾಗುವುದು ಕೈಗಾರಿಕಾ ವಸಾಹತು. ಹಾಗಾಗಿ ಪಾಠದಲ್ಲಿ ನಾನು ಆ ಮೇಲುಕೀಳಿನ ನೋಟವನ್ನು "ಸಾಹೇಬರ ಕಣ್ಣು" ಎಂದೇ ಕರೆಯುತ್ತೇನೆ. ಅದು ಎಲ್ಲರಿಗೂ ತಿಳಿಯುತ್ತದೆ.

ಪಿಎಚ್.ಡಿ.ಗೆ ಹಲಗಲಿಯನ್ನು ಹಿಡಿದೆ. 1857ರ ನಿಶ್ಶಸ್ತ್ರೀಕರಣ ಕಾಯ್ದೆಯ ಪ್ರಕಾರ ಆಯುಧ ಒಪ್ಪಿಸಲು ಅಲ್ಲಿಯ ಬೇಡರು ಒಪ್ಪಲಿಲ್ಲ. ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಊರು ಮುಧೋಳದ ಹತ್ತಿರ, ಕಾಗದಪತ್ರಗಳು ಮಾತ್ರ ಮುಂಬಯಿಯಲ್ಲಿ, ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಪತ್ರಾಗಾರದಲ್ಲಿ. ಈ ಸೀಮೆಯ ಮೇಲ್ವಿಚಾರಣೆ ಮುಂಬಯಿ ಸರ್ಕಾರದ್ದಾಗಿತ್ತಲ್ಲ! ರಜೆ ಬಂದಾಗಲೆಲ್ಲ ರೈಲು ಹತ್ತಿದೆ. ಸ್ಥಳೀಯ ದಫ್ತರಗಳನ್ನು ಓದಲು, ಹಳೆಯ ಮರಾಠಿ ಕಾಗದಪತ್ರಗಳ ಓಡುಬರಹವಾದ ಮೋಡಿ ಲಿಪಿ ಕಲಿತೆ. ಅದಕ್ಕೆ ಎರಡು ವರ್ಷ ಹಿಡಿಯಿತು.

ಅಧಿಕಾರಿಗಳ ಪತ್ರಗಳಲ್ಲಿ ಸತ್ತವರ ಸಂಖ್ಯೆ ಇರುತ್ತದೆ, ಸೆರೆಯಾದವರ ಸಂಖ್ಯೆ ಇರುತ್ತದೆ. ಮನೆಯೊಳಗಿನದು ಏನೂ ಇರುವುದಿಲ್ಲ. ಅದು ಇರುವುದು ಹಲಗಲಿ ಬೇಡರ ಲಾವಣಿಯಲ್ಲಿ. ಹತ್ತನೆಯ ತರಗತಿಯ ಪಠ್ಯದಲ್ಲಿ ಅದನ್ನು ಓದಿದವರಿಗೆ ನೆನಪಿರಬಹುದು: ಬೇಡರ ನಾಯಕರಾದ ಹನುಮ, ಬಾಲ, ಜಡಗ, ರಾಮರ ಶೌರ್ಯವೆಲ್ಲ ಮುಗಿದ ಮೇಲೆ ಹಾಡು ಹಾಳಾದ ಸಾಮಾನುಗಳನ್ನು ಎಣಿಸುತ್ತದೆ. ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಬೆಲ್ಲ, ಗಂಗಾಳ, ಚರಿಗೆ, ಬೀಸುಕಲ್ಲು. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ಆ ಸಾಲುಗಳು ದಾಖಲೆ ಎಂದು ನನಗೆ ಹೊಳೆಯಲು ಹದಿನೈದು ವರ್ಷ ಬೇಕಾಯಿತು.

ಈ ಲಾವಣಿಯನ್ನು 1880ರ ದಶಕದಲ್ಲಿ ಅಚ್ಚು ಹಾಕಿಸಿದವರು ಜೆ.ಎಫ್. ಫ್ಲೀಟ್, ಅವರೂ ಬ್ರಿಟಿಷ್ ಅಧಿಕಾರಿಯೇ. ಸಾಹೇಬರ ಕಾಗದವನ್ನೆಲ್ಲ ಒಲೆಗೆ ಹಾಕಿ ಎನ್ನುವವರೊಂದಿಗೆ ನಾನು ಸೇರದಿರಲು ಇದೊಂದೇ ಕಾರಣ ಸಾಕು. ರಾಜಮಹಾರಾಜರ ಜಯಕಾರವನ್ನೇ ನಿರ್ವಸಾಹತೀಕರಣ ಎಂದು ತಿಳಿದವರೂ ಇದ್ದಾರೆ. ಅವರಿಗೆ ಹೇಳುವುದಿಷ್ಟೆ: ಹಲಗಲಿ ಆಗ ರಾಜರಿದ್ದ ಮುಧೋಳ ಸಂಸ್ಥಾನದ ಊರು, ಆದರೂ ಬೆಂಕಿ ತಪ್ಪಲಿಲ್ಲ. ನಮ್ಮವರೇ ಬರೆದ ಮೋಡಿ ದಫ್ತರಗಳಲ್ಲೂ ಬೀಸುವ ಹೆಂಗಸಿನ ಹೆಸರು ನನಗೆ ಸಿಕ್ಕಿಲ್ಲ.

ಫ್ಲೀಟ್ ಅಚ್ಚು ಹಾಕಿಸಿದ ಪಾಠದ ನಕಲು ಹಿಡಿದು ಹಲಗಲಿಗೆ ಹೋದೆ. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರಿಗೆ ಸಾಲುಸಾಲಾಗಿ ಓದಿ ಹೇಳಿದೆ. ಸಾಮಾನಿನ ಪಟ್ಟಿ ಬಂದಾಗ ಸೈನಿಕರು ಇವನ್ನೆಲ್ಲ ದೋಚಿದರು ಎಂದು ವಿವರಿಸಿದೆ. ಕರಡಿನಲ್ಲೂ ಹಾಗೆಯೇ ಬರೆದಿದ್ದೆ. ಒಳಗೆ ಕಾಳು ಹಸನು ಮಾಡುತ್ತಿದ್ದ ಸೊಸೆ ಮೊರವನ್ನು ಕೆಳಗಿಟ್ಟು ಬಾಗಿಲಿಗೆ ಬಂದರು.

"ಅಣ್ಣಾ, ಬೀಸುಕಲ್ಲನ್ನು ಯಾರಾದರೂ ಹೊತ್ತುಕೊಂಡು ಹೋಗುತ್ತಾರೆಯೇ? ಒಡೆದಿರಬೇಕು. ಬೀಸುಕಲ್ಲು ಒಡೆದರೆ ಮರುದಿನ ರೊಟ್ಟಿಯಿಲ್ಲ."

ಹಿರಿಯರು ತಲೆಯಾಡಿಸಿದರು. ನಾನು ಕರಡು ತೆಗೆದು ಅಲ್ಲಿಯೇ ಆ ಸಾಲನ್ನು ಹೊಡೆದುಹಾಕಿದೆ. ಬೀಸುವ ಕೈಗೆ ತಿಳಿದ ಈ ಮಾತು ಯಾವ ಪತ್ರಾಗಾರದಲ್ಲೂ ನನಗೆ ಸಿಗುತ್ತಿರಲಿಲ್ಲ. ಒಂದು ಊರು ಮತ್ತೆ ಉಣ್ಣಬಾರದು ಎಂದು ಮಾಡಿದ ಕೆಲಸವನ್ನು ನಾನು ಲೂಟಿ ಎಂಬ ಒಂದೇ ಪದದಲ್ಲಿ ಮುಗಿಸಿದ್ದೆ.

ಅವರ ಒಪ್ಪಿಗೆ ಪಡೆದು ಆ ಮಾತನ್ನು ಮಹಾಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಆಧಾರವಾಗಿ ಕೊಟ್ಟೆ. ಹಾಡು ಸಾಹಿತ್ಯ, ಹೆಂಗಸಿನ ಮಾತು ಅಭಿಪ್ರಾಯ, ಎರಡನ್ನೂ ಅನುಬಂಧಕ್ಕೆ ಸರಿಸಿ ಎಂಬ ಸೂಚನೆ ಬಂತು. ಸರಿಸಲಿಲ್ಲ. ಇಬ್ಬರು ಅಧಿಕಾರಿಗಳ ಪತ್ರಗಳು ಒಂದಕ್ಕೊಂದು ತಾಳೆಯಾಗದಿದ್ದರೂ ಎರಡನ್ನೂ ಆಧಾರವೆನ್ನುತ್ತೇವೆ, ಈ ಮಾತನ್ನೂ ಅದೇ ತಕ್ಕಡಿಯಲ್ಲಿ ತೂಗಿ ಎಂದು ಒಂಬತ್ತು ಪುಟಗಳ ವಿವರಣೆ ಬರೆದುಕೊಟ್ಟೆ. ಪದವಿ ಆರು ತಿಂಗಳು ತಡವಾಯಿತು. ಬಡ್ತಿಯ ಹೊತ್ತಿಗೆ ಕನ್ನಡದಲ್ಲಿ ಬರೆದ ನನ್ನ ಲೇಖನಗಳಿಗೆ ಅಂಕವೇ ಸಿಗಲಿಲ್ಲ. ಇಂಗ್ಲಿಷಿನಲ್ಲಿ ಎರಡು ಬರೆದು ಆ ಲೆಕ್ಕ ತೀರಿಸಿದೆ. ಆದರೆ ಯಾವುದನ್ನೂ ಮೊದಲು ಕನ್ನಡದಲ್ಲಿ ಬರೆಯದೆ ಇಂಗ್ಲಿಷಿಗೆ ಕೊಟ್ಟಿಲ್ಲ. ಹಲಗಲಿಯವರು ಓದಿ ತಪ್ಪು ಹಿಡಿಯಲಾಗದ ಬರಹವನ್ನು ಹಲಗಲಿಯ ಚರಿತ್ರೆ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಗೆಜೆಟಿಯರನ್ನು ಈಗಲೂ ಪಾಠ ಮಾಡುತ್ತೇನೆ. ಮೊದಲ ದಿನ ಅದರ ಒಂದು ಪುಟ ಕೊಟ್ಟು, ಇದನ್ನು ಬರೆದವರಿಗೆ ಈ ವಿಷಯ ಯಾರು ಹೇಳಿರಬಹುದು, ಯಾರನ್ನು ಕೇಳಿಲ್ಲ ಎಂದು ಗುರುತು ಹಾಕಿಸುತ್ತೇನೆ. ಸದ್ಯ ಫ್ಲೀಟ್ ಸಂಗ್ರಹದಲ್ಲಿರುವ ಸಂಗೊಳ್ಳಿ ರಾಯಣ್ಣನ ಲಾವಣಿ ಕೈಯಲ್ಲಿದೆ. ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ್ದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ. ಸುಗ್ಗಿ ಮುಗಿದು ಜನ ಮನೆಯಲ್ಲಿ ಸಿಗುವ ಹೊತ್ತಿಗೆ ಅಲ್ಲಿಗೆ ಹೋಗಬೇಕು. ಮೋಡಿ ಓದಬಲ್ಲ ಇಬ್ಬರು ವಿದ್ಯಾರ್ಥಿಗಳು ಜೊತೆಗೆ ಬರುತ್ತಿದ್ದಾರೆ.