ಸಹಿಗೆ ಮೊದಲೇ ಹೊರದಾರಿಯ ಲೆಕ್ಕ: ನನ್ನ ಅನುಭವ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡವೊಂದರಲ್ಲಿ ಫ್ರೀ ಏಜೆಂಟ್‌ಗಳ (ಒಪ್ಪಂದ ಮುಗಿದು ಯಾವ ತಂಡಕ್ಕಾದರೂ ಸೇರಬಲ್ಲ ಆಟಗಾರರ) ಮತ್ತು ಟ್ರೇಡ್‌ಗಳ (ತಂಡಗಳ ನಡುವಿನ ಆಟಗಾರರ ವಿನಿಮಯದ) ಲೆಕ್ಕ ನೋಡುವುದು ನನ್ನ ಕೆಲಸ. ಆಟಗಾರನೊಬ್ಬನ ಹೆಸರು ಚರ್ಚೆಗೆ ಬಂದಾಗ, ಅವನಿಂದ ಎಷ್ಟು ಗೆಲುವು ಬರುತ್ತದೆ ಎಂದು ಕೇಳುವುದಕ್ಕೆ ಮೊದಲು, ಒಪ್ಪಂದದ ಎರಡನೇ ವರ್ಷದಲ್ಲಿ ಅವನನ್ನು, ಜೊತೆಗೆ ಡ್ರಾಫ್ಟ್ ಪಿಕ್ (ಹೊಸ ಆಟಗಾರರನ್ನು ಆರಿಸುವ ಸರದಿ) ಏನನ್ನೂ ಕೇಳದೆ, ನಮ್ಮಿಂದ ಯಾರು ಕೊಳ್ಳುತ್ತಾರೆ ಎಂದು ಬರೆದಿಟ್ಟುಕೊಳ್ಳುವ ಕ್ರಮವನ್ನು ನಾನು ಹಿಡಿದೆ. ಮನೆಗೆ ಬರುವವನನ್ನು ಬಾಗಿಲಲ್ಲೇ ಬೀಳ್ಕೊಡುವ ಲೆಕ್ಕವಿದು ಎಂದು ಹಿರಿಯ ಸಹೋದ್ಯೋಗಿಗಳು ಆಕ್ಷೇಪಿಸಿದ್ದರು. ಈಗ ಅದು ಫಲ ಕೊಟ್ಟಿರುವುದರಿಂದ ನಡೆದದ್ದನ್ನು ಬರೆಯುತ್ತಿದ್ದೇನೆ.

ಈ ಕ್ರಮಕ್ಕೆ ನನ್ನನ್ನು ತಳ್ಳಿದ್ದು 2021ರ ಬೇಸಿಗೆಯ ಸೋಲು. ಸುಮಾರು 220 ತ್ರೀ ಪಾಯಿಂಟ್ ಎಸೆತಗಳಲ್ಲಿ ಶೇ. 41ರಷ್ಟನ್ನು ಬುಟ್ಟಿಗೆ ಹಾಕಿದ್ದ ವಿಂಗ್ (ಅಂಕಣದ ಬದಿಗಳಲ್ಲಿ ಆಡುವ) ಆಟಗಾರನೊಬ್ಬ ನನ್ನ ಪಟ್ಟಿಯ ಮೇಲ್ತುದಿಯಲ್ಲಿದ್ದ. ಅಷ್ಟು ಕಡಿಮೆ ಎಸೆತಗಳಲ್ಲಿ ಶೇಕಡಾವಾರಿನ ಮೂರು ಅಂಶಗಳ ಏರಿಳಿತ ಬರಿಯ ಅದೃಷ್ಟದಿಂದಲೇ ಬರಬಹುದೆಂದು ತಿಳಿದಿದ್ದೂ, ಆ ಋತುವಿನ ಪ್ಲಸ್-ಮೈನಸ್ (ಅವನು ಅಂಕಣದಲ್ಲಿದ್ದಾಗ ತಂಡ ಗಳಿಸಿದ ಮತ್ತು ಬಿಟ್ಟುಕೊಟ್ಟ ಅಂಕಗಳ ವ್ಯತ್ಯಾಸ) ಕೂಡ ಚೆನ್ನಾಗಿದ್ದುದರಿಂದ ಮೂರು ವರ್ಷಕ್ಕೆ 30 ಮಿಲಿಯನ್ ಡಾಲರ್ ಆಸುಪಾಸಿನ ಒಪ್ಪಂದಕ್ಕೆ ನಾನೇ ಒತ್ತಾಯಿಸಿದೆ. ಮರುವರ್ಷ ಅವನ ಗುರಿ ಶೇ. 33ಕ್ಕೆ ಇಳಿಯಿತು. ಬಿಟ್ಟುಕಳಿಸಿ ಸ್ಟ್ರೆಚ್ ಮಾಡಿದ್ದರೆ, ಉಳಿದ ವರ್ಷಗಳ ಎರಡರಷ್ಟಕ್ಕೆ ಒಂದು ಸೇರಿಸುವ ನಿಯಮದಂತೆ, ಎರಡು ವರ್ಷದ ಸುಮಾರು 20 ಮಿಲಿಯನ್ ಐದು ವರ್ಷಗಳಿಗೆ ಹರಡಿ ವರ್ಷಕ್ಕೆ ನಾಲ್ಕು ಮಿಲಿಯನ್ ನಮ್ಮ ಲೆಕ್ಕದ ಮೇಲೆ ಕೂತಿರುತ್ತಿತ್ತು. ಅದರ ಬದಲು ಎರಡು ಸೆಕೆಂಡ್ ರೌಂಡ್ ಪಿಕ್ ಕೊಟ್ಟು ಅವನನ್ನು ಸಾಗಿಸಿದೆವು. ಆ ಪಿಕ್‌ಗಳೇ ಆ ಒಪ್ಪಂದದ ನಿಜವಾದ ಬೆಲೆಯ ಒಂದು ಭಾಗವೆಂದೂ, ನನ್ನ ಕೋಷ್ಟಕದಲ್ಲಿ ಅದಕ್ಕೊಂದು ಕಾಲಂ ಕೂಡ ಇರಲಿಲ್ಲವೆಂದೂ ಅಂದು ನನಗೆ ಮನವರಿಕೆಯಾಯಿತು.

ಹಳೆಯ ವ್ಯವಹಾರಗಳನ್ನು ತಿರುವಿ ನೋಡಿದಾಗ ಇದೇ ಬೆಲೆ ಎಲ್ಲೆಡೆ ಕಾಣಿಸಿತು. 2016ರಲ್ಲಿ ತಂಡದ ಒಟ್ಟು ಸಂಬಳದ ಮಿತಿ 70 ಮಿಲಿಯನ್‌ನಿಂದ 94 ಮಿಲಿಯನ್‌ಗೆ ಒಮ್ಮೆಲೇ ಜಿಗಿದಾಗ ಲೇಕರ್ಸ್ ತಂಡ ತಿಮೋಫೆ ಮೊಜ್ಗೊವ್‌ಗೆ ನಾಲ್ಕು ವರ್ಷಕ್ಕೆ 64 ಮಿಲಿಯನ್ ಕೊಟ್ಟಿತು. ಒಂದೇ ವರ್ಷದಲ್ಲಿ ಆ ಹೊರೆಯನ್ನು ಬ್ರೂಕ್ಲಿನ್‌ಗೆ ದಾಟಿಸಲು, 2015ರ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಆರಿಸಿದ್ದ ಡಿ'ಆಂಜೆಲೊ ರಸಲ್‌ನನ್ನೂ ಜೊತೆಗೆ ಕಳಿಸಬೇಕಾಯಿತು. ಬ್ರೂಕ್ ಲೋಪೆಜ್ ಮತ್ತು 27ನೇ ಪಿಕ್ ಬದಲಿಗೆ ಬಂದವೆಂಬುದು ನಿಜ, ಆದರೆ ರಸಲ್ 2019ರಲ್ಲಿ ಬ್ರೂಕ್ಲಿನ್ ಪರವಾಗಿ ಆಲ್-ಸ್ಟಾರ್ ಆದ.

ನನ್ನ ಕ್ರಮದಲ್ಲಿ ಪ್ರತಿ ಹೆಸರಿಗೂ ಎರಡು ಪುಟಗಳಿರುತ್ತವೆ, ಹೊರದಾರಿಯದೊಂದು, ಗೆಲುವಿನ ಲೆಕ್ಕದ್ದೊಂದು, ಮತ್ತು ಹೊರದಾರಿಯ ಪುಟ ಮೊದಲು ತುಂಬಬೇಕು. ಸಂಬಳವನ್ನು ಡಾಲರಿನಲ್ಲಿ ಬರೆಯದೆ ಮಿತಿಯ ಶೇಕಡಾವಾರು ಪಾಲಾಗಿ ಬರೆಯುತ್ತೇನೆ. 2024-25ರಲ್ಲಿ ಮಿಡ್-ಲೆವೆಲ್ (ಮಿತಿ ದಾಟಿದ ತಂಡವೂ ಫ್ರೀ ಏಜೆಂಟ್‌ಗೆ ಕೊಡಬಹುದಾದ ನಿಗದಿತ ಸಂಬಳ) 12.8 ಮಿಲಿಯನ್, ಮಿತಿ 140.6 ಮಿಲಿಯನ್, ಪಾಲು ಶೇ. 9.1. ಮರುವರ್ಷ ಸಂಬಳ ಶೇ. 5ರಷ್ಟು ಏರಿ 13.4 ಮಿಲಿಯನ್ ಆದರೂ ಮಿತಿಯೇ 154.6ಕ್ಕೆ ಏರಿದ್ದರಿಂದ ಪಾಲು ಶೇ. 8.7ಕ್ಕೆ ಇಳಿಯುತ್ತದೆ. ಹಾಗಾಗಿ ಆಟ ನಿಂತಲ್ಲೇ ನಿಂತರೂ ಒಪ್ಪಂದ ಅಗ್ಗವಾಗುತ್ತಾ ಹೋಗುತ್ತದೆ. ಆಮೇಲೆ ಅವನನ್ನು ಆ ಬೆಲೆಗೆ ಕೊಳ್ಳಬಲ್ಲ ಕನಿಷ್ಠ ನಾಲ್ಕು ತಂಡಗಳ ಹೆಸರು ಬರೆಯಬೇಕು. ನಾಲ್ಕು ಸಿಗದಿದ್ದರೆ ಎರಡನೇ ಪುಟವನ್ನು ನಾನು ತೆರೆಯುವುದೇ ಇಲ್ಲ. ಆ ತಂಡಗಳನ್ನು ಹೇಗೆ ಗುರುತಿಸುತ್ತೇನೆ ಎಂಬುದು ನನ್ನಲ್ಲೇ ಇರಲಿ.

ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2023ರ ಒಪ್ಪಂದದ ಏಪ್ರನ್ ನಿಯಮಗಳು (ಸಂಬಳದ ಮಿತಿಗಿಂತ ಮೇಲೆ ಎಳೆದ ಎರಡು ಗೆರೆಗಳು) ಬಂದ ಮೇಲೆ ಈ ಪುಟದ ತೂಕ ಹೆಚ್ಚಿದೆ. ಫಸ್ಟ್ ಏಪ್ರನ್ ದಾಟಿದ ತಂಡ ಟ್ರೇಡ್‌ನಲ್ಲಿ ಕಳಿಸಿದ ಸಂಬಳಕ್ಕಿಂತ ಒಂದು ಡಾಲರನ್ನೂ ಹೆಚ್ಚಿಗೆ ಪಡೆಯುವಂತಿಲ್ಲ. ಸೆಕೆಂಡ್ ಏಪ್ರನ್ ದಾಟಿದ ತಂಡ ಇಬ್ಬರ ಸಂಬಳವನ್ನು ಕೂಡಿಸಿ ಒಬ್ಬನನ್ನು ತರುವಂತೆಯೂ ಇಲ್ಲ. ಕೊಳ್ಳುವವರ ಪಟ್ಟಿ ಹೀಗೆ ತಾನಾಗಿ ಚಿಕ್ಕದಾಗಿದೆ.

2024ರ ಬೇಸಿಗೆಯಲ್ಲಿ ನಮ್ಮ ಮುಂದೆ ಎರಡು ದಾರಿಗಳಿದ್ದವು. ಸೈನ್-ಅಂಡ್-ಟ್ರೇಡ್ (ಹಳೆಯ ತಂಡವೇ ಸಹಿ ಹಾಕಿಸಿ ನಮಗೆ ದಾಟಿಸುವ ವ್ಯವಹಾರ) ಮೂಲಕ ವರ್ಷಕ್ಕೆ ಸುಮಾರು 25 ಮಿಲಿಯನ್ ಕೇಳುತ್ತಿದ್ದ, ಅಂಕ ಗಳಿಸುವ ಗಾರ್ಡ್ (ಚೆಂಡನ್ನು ಮುನ್ನಡೆಸುವ ಆಟಗಾರ) ಒಬ್ಬ; ಅಥವಾ ಮಿಡ್-ಲೆವೆಲ್‌ನಲ್ಲಿ ಸಿಗುವ, ಹೆಚ್ಚು ಸದ್ದಿಲ್ಲದ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ). ಎರಡರಲ್ಲೂ ಫಸ್ಟ್ ಏಪ್ರನ್‌ಗೆ ಹಾರ್ಡ್ ಕ್ಯಾಪ್ ಬೀಳುತ್ತಿತ್ತು, ಅಂದರೆ ಆ ಋತುವಿನಲ್ಲಿ ಆ ಗೆರೆಯನ್ನು ದಾಟುವಂತೆಯೇ ಇರಲಿಲ್ಲ. ಗಾರ್ಡ್‌ನ ಹೊರದಾರಿಯ ಪುಟದಲ್ಲಿ ನನಗೆ ಒಂದೇ ಒಂದು ತಂಡ ಸಿಕ್ಕಿತು, ಸೆಂಟರ್‌ನದರಲ್ಲಿ ಏಳು. ಕೊಠಡಿಯಲ್ಲಿದ್ದ ಬಹುತೇಕರು ಗಾರ್ಡ್ ಪರವಾಗಿದ್ದರು. ಮೂರು ಸಭೆಗಳ ನಂತರ ಜನರಲ್ ಮ್ಯಾನೇಜರ್ ನನ್ನ ಮಾತಿಗೆ ಒಪ್ಪಿದರು. ಮೊದಲ ಎರಡು ತಿಂಗಳು ಸೆಂಟರ್ ನೀರಸವಾಗಿ ಆಡಿದ, ಮತ್ತು ಹೊಸದಾಗಿ ಸಹಿ ಹಾಕಿದವನನ್ನು ಡಿಸೆಂಬರ್ 15ಕ್ಕೆ ಮೊದಲು ಟ್ರೇಡ್ ಮಾಡುವಂತಿಲ್ಲವಾದ್ದರಿಂದ ಕಾಯದೆ ಬೇರೆ ದಾರಿಯೂ ಇರಲಿಲ್ಲ. ಆ ದಿನಗಳಲ್ಲಿ ನನಗೆ ಸರಿಯಾಗಿ ನಿದ್ದೆ ಬಂದದ್ದಿಲ್ಲ. ಜನವರಿಯಿಂದ ಅವನ ಸ್ಕ್ರೀನ್‌ಗಳು (ಎದುರಾಳಿಯ ದಾರಿಗೆ ಅಡ್ಡ ನಿಂತು ಜೊತೆಗಾರನಿಗೆ ಜಾಗ ಮಾಡಿಕೊಡುವುದು) ನಮ್ಮ ಗಾರ್ಡ್‌ಗಳಿಗೆ ಹೊಂದಿಕೊಂಡವು. ಆ ಋತುವಿನಲ್ಲಿ ಎಂಟೋ ಒಂಬತ್ತೋ ಗೆಲುವು ಹೆಚ್ಚು ಬಂದವು. ಎರಡನೇ ವರ್ಷದ ಫೆಬ್ರವರಿಯಲ್ಲಿ ಅವನ 13.4 ಮಿಲಿಯನ್ ಜೊತೆಗೆ ಸುಮಾರು ಐದು ಮಿಲಿಯನ್‌ನ ಇನ್ನೊಂದು ಒಪ್ಪಂದವನ್ನು ಕೂಡಿಸಿ, 18 ಮಿಲಿಯನ್ ಸಂಬಳದ, ಆರಂಭದ ಐವರಲ್ಲಿ ಆಡಬಲ್ಲ ಗಾರ್ಡ್ ಒಬ್ಬನನ್ನು ಫಸ್ಟ್ ರೌಂಡ್ ಪಿಕ್ ಕೊಡದೆಯೇ ತಂದೆವು. ಕೊಂಡ ತಂಡ ನಾನು ಬರೆದಿಟ್ಟ ಏಳರಲ್ಲಿ ಒಂದು. ಇದರಲ್ಲಿ ನನಗೆ ಹೆಮ್ಮೆಯಿದೆ.

ಈ ನಡುವೆ ಕೆಲವು ಪಕ್ಕದ ಪ್ರಯೋಗಗಳನ್ನೂ ಮಾಡಿದೆ. ಫಲಿತಾಂಶ ನಿರ್ಧಾರವಾದ ಮೇಲಿನ ನಿಮಿಷಗಳನ್ನು ಪ್ಲಸ್-ಮೈನಸ್‌ನಿಂದ ತೆಗೆದುಹಾಕಲು ಒಂದು ತಿಂಗಳು ಕಳೆದೆ; ಪಟ್ಟಿಯ ಮೊದಲ ಮೂವತ್ತು ಹೆಸರುಗಳು ಬಹುತೇಕ ಅಲುಗಲೇ ಇಲ್ಲ. ಕಡಿಮೆ ತ್ರೀ ಎಸೆದವರ ವಿಷಯದಲ್ಲಿ ಫ್ರೀ ಥ್ರೋ (ಫೌಲ್‌ಗೆ ಸಿಗುವ, ತಡೆಯಿಲ್ಲದ ಎಸೆತ) ಶೇಕಡಾವಾರನ್ನು ಬೆರೆಸಿದ್ದು ಮಾತ್ರ ನಿಜಕ್ಕೂ ಉಪಯೋಗಕ್ಕೆ ಬಂತು. 2021ರ ಆ ವಿಂಗ್‌ನ ಫ್ರೀ ಥ್ರೋ ಶೇ. 70 ಕೂಡ ಇರಲಿಲ್ಲ. ಇನ್ನೊಮ್ಮೆ, ಮಾರುಕಟ್ಟೆ ತೆರೆಯುವ ಮೊದಲು ಇಬ್ಬರು ಸ್ಕೌಟ್‌ಗಳಿಂದ ಇಪ್ಪತ್ತು ಆಟಗಾರರ ಬೆಲೆಯನ್ನು ಊಹಿಸಿ ಬರೆಸಿಕೊಂಡೆ. ಅವರ ಸರಾಸರಿ ನನ್ನ ಮಾದರಿಗಿಂತ ನಿಜಕ್ಕೆ ಹತ್ತಿರವಿತ್ತು. ಅಂದಿನಿಂದ ಅವರ ಊಹೆಯನ್ನು ನನ್ನ ಸಂಖ್ಯೆಗೆ ಬೆರೆಸುತ್ತಿದ್ದೇನೆ, ಎಷ್ಟು ಪಾಲು ಎಂಬುದನ್ನು ಹೇಳಲಾರೆ.

ಹಲವು ವರ್ಷ ಆಚೆಯ ಪಿಕ್‌ಗಳ ಬೆಲೆ ಕಟ್ಟುವುದರಲ್ಲಿ ನಾನಿನ್ನೂ ಪಳಗಿಲ್ಲ. 2013ರಲ್ಲಿ ಬ್ರೂಕ್ಲಿನ್ ತಂಡ ಹಿರಿಯ ತಾರೆಗಳಾದ ಕೆವಿನ್ ಗಾರ್ನೆಟ್ ಮತ್ತು ಪಾಲ್ ಪಿಯರ್ಸ್‌ಗಾಗಿ 2014, 2016, 2018ರ ಫಸ್ಟ್ ರೌಂಡ್ ಪಿಕ್‌ಗಳನ್ನೂ 2017ರ ಪಿಕ್ ಅನ್ನು ಅದಲುಬದಲು ಮಾಡಿಕೊಳ್ಳುವ ಹಕ್ಕನ್ನೂ ಬಾಸ್ಟನ್‌ಗೆ ಕೊಟ್ಟಾಗ, ತಾನು ಅಷ್ಟು ಬೇಗ ಕೆಳಗೆ ಬೀಳುತ್ತೇನೆಂದು ಅದು ಎಣಿಸಿರಲಾರದು; ತಂಡ ಕೆಳಗೆ ಬಿದ್ದಷ್ಟೂ ಅದರ ಪಿಕ್‌ಗೆ ಬೆಲೆ ಹೆಚ್ಚು. 2016ರ ಪಿಕ್ ಮೂರನೆಯದಾಯಿತು, 2017ರದ್ದು ಮೊದಲನೆಯದೇ ಆಯಿತು. ಆದ್ದರಿಂದ ನಾಲ್ಕು ವರ್ಷಕ್ಕಿಂತ ಆಚೆಯ ನಮ್ಮ ಪಿಕ್ ಅನ್ನು, ನಾವು ಆ ವರ್ಷ ಕೆಳಗಿನ ಹತ್ತರಲ್ಲಿದ್ದೇವೆ ಎಂದೇ ಭಾವಿಸಿ ಈಗ ತೂಗುತ್ತೇನೆ. ಇದರಿಂದ ಕಳೆದ ವರ್ಷ ಎರಡು ಟ್ರೇಡ್‌ಗಳು ಕೈತಪ್ಪಿದವು. ಅವುಗಳಲ್ಲಿ ಒಂದನ್ನು ಒಪ್ಪಿಕೊಳ್ಳಬೇಕಿತ್ತು ಎಂದು ಈಗ ಅನಿಸುತ್ತಿದೆ. ಅದರ ಕಾಗದಗಳು ಇನ್ನೂ ನನ್ನ ಮೇಜಿನ ಮೇಲಿವೆ.