ಹಸು, ಎಮ್ಮೆ, ಮೇಕೆ: ಬೆದೆಯಿಂದ ಗಿಣ್ಣಿನ ತನಕ

ಬೆಂಗಳೂರು ಬಿಟ್ಟು ಊರಿಗೆ ಬಂದು ಹಸು ಕಟ್ಟುತ್ತೇನೆ ಅನ್ನುವ ಹುಡುಗರು ನನ್ನ ಹತ್ತಿರ ಕೇಳುವುದು ಎರಡೇ ಮಾತು. ಯಾವ ತಳಿ, ಎಷ್ಟು ಲೀಟರ್. ಅಲ್ಲಪ್ಪಾ, ಕರು ಹಾಕಿದರೆ ತಾನೇ ಹಾಲು? ಬೆದೆ, ಅಂದರೆ ಹಸು ಗಬ್ಬ ನಿಲ್ಲಲು ಸಿದ್ಧವಾಗುವ ಹೊತ್ತು, ಒಂದು ಸಲ ಕೈತಪ್ಪಿತು ಅಂದರೆ ಮತ್ತೆ 21 ದಿನ ಸುಮ್ನೆ ಮೇವು ಹಾಕಬೇಕು. ಅದಕ್ಕೇ ಹೇಳುತ್ತೇನೆ, ಮೇವು ಕತ್ತರಿಸುವ ಮಿಷನ್‌ಗಿಂತ ಮೊದಲು ಕೊಟ್ಟಿಗೆಗೆ ಒಂದು ಕ್ಯಾಲೆಂಡರ್ ಹಾಕಿ.

ಮೊದಲು ಹಸು. ಬೆದೆ 18ರಿಂದ 24 ದಿನಕ್ಕೊಮ್ಮೆ ಬರುತ್ತದೆ, ಇರುವುದು ಮಾತ್ರ 12ರಿಂದ 18 ಗಂಟೆ. ನಮ್ಮ ಗೌರಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ. ಬೆದೆಗೆ ಬಂದ ದಿನ ಹಿಂಡಿ ಇಟ್ಟರೂ ಮೂಸುವುದಿಲ್ಲ. ಕೂಗುತ್ತಾಳೆ, ಹಗ್ಗ ಜಗ್ಗುತ್ತಾಳೆ, ಹಾಲೂ ಇಳಿಯುತ್ತದೆ. ಬಾಲದ ಕೆಳಗೆ ಮೊಟ್ಟೆಯ ಬಿಳಿಯಂಥ ತಿಳಿ ಲೋಳೆ ಇಳಿಬಿದ್ದಿರುತ್ತದೆ. ರಾತ್ರಿ ಬಿದ್ದಿದ್ದರೆ ತೊಡೆಗೆ, ಬಾಲದ ಕೂದಲಿಗೆ ಅಂಟಿ ಒಣಗಿರುತ್ತದೆ. ಲೋಳೆ ಕದಡಿದ್ದರೆ, ಕೀವು ಬೆರೆತಿದ್ದರೆ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಬೇಡ, ಮೊದಲು ಡಾಕ್ಟರಿಗೆ ತೋರಿಸಿ.

ಗ್ಯಾರಂಟಿ ಗುರುತು ಬೇರೆಯೇ ಇದೆ. ಇನ್ನೊಂದು ದನ ಮೇಲೆ ಹತ್ತಿದಾಗ ಕದಲದೆ ನಿಲ್ಲುವ ಹಸುವೇ ಬೆದೆಯ ಹಸು. ಹತ್ತಿದ್ದನ್ನು ನೋಡಿ ಮೋಸ ಹೋಗಬೇಡಿ, ನಿಂತದ್ದನ್ನು ನೋಡಿ. ದಿನವಿಡೀ ಗೂಟಕ್ಕೆ ಕಟ್ಟಿದ್ದರೆ ಇದು ಕಾಣುವುದೇ ಇಲ್ಲ. ಬೆಳಗ್ಗೆ, ಸಂಜೆ ಅರ್ಧರ್ಧ ಗಂಟೆಯಾದರೂ ಬಿಡಿ.

ಬೆಳಗ್ಗೆ ಬೆದೆ ಕಂಡರೆ ಸಂಜೆ ಇಂಜೆಕ್ಷನ್, ಸಂಜೆ ಕಂಡರೆ ಮಾರನೇ ದಿನ ಬೆಳಗ್ಗೆ. ಅಂಡ ಬಿಡುಗಡೆಯಾಗುವುದು ಬೆದೆ ಮುಗಿದ 10–12 ಗಂಟೆ ಆದ ಮೇಲೆ. ಅವಸರಪಟ್ಟು ಹಾಕಿಸಿದರೆ ಅಂಡ ಬರುವಷ್ಟರಲ್ಲಿ ವೀರ್ಯದ ಶಕ್ತಿ ಮುಗಿದಿರುತ್ತದೆ. ವೀರ್ಯ ತುಂಬಿದ ಸಣ್ಣ ಕೊಳವೆ, ಅಂದರೆ ಸ್ಟ್ರಾ, ಇರುವುದು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ. ಹೊರಗೆ ತೆಗೆದ ಕೂಡಲೇ 37 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಇಡಬೇಕು. ಅಂಗೈಯಲ್ಲಿ ಉಜ್ಜಿ ಬಿಸಿ ಮಾಡುವವರು ಬಂದರೆ ನಾನು ಉಗುರುಬೆಚ್ಚನೆ ನೀರಿನ ಲೋಟ ಹಿಡಿದು ಎದುರು ನಿಲ್ಲುತ್ತೇನೆ. ಸ್ಟ್ರಾ ಮೇಲಿನ ಹೋರಿಯ ನಂಬರ್ ಬರೆದಿಡಿ. ಅದೇ ಹೋರಿಯದ್ದು ನಾಳೆ ಮಗಳಿಗೂ ಬೀಳಬಾರದು ಅಲ್ವಾ?

ಬೆದೆ ಕಳೆದು ಒಂದೆರಡು ದಿನಕ್ಕೆ ಸ್ವಲ್ಪ ರಕ್ತ ಕಂಡರೆ "ಗಬ್ಬ ನಿಲ್ಲಲಿಲ್ಲ" ಅಂತ ಬೇಸರ ಮಾಡಿಕೊಳ್ಳುವವರೇ ಜಾಸ್ತಿ. ಅದಕ್ಕೂ ಗಬ್ಬಕ್ಕೂ ಸಂಬಂಧವಿಲ್ಲ. 18ನೇ ದಿನದಿಂದ ಮತ್ತೆ ಕಣ್ಣಿಡಿ. ತಿರುಗಿ ಬೆದೆಗೆ ಬಾರದಿದ್ದರೂ ಗಬ್ಬ ಅಂತ ತೀರ್ಮಾನ ಮಾಡಬೇಡಿ, ಮೂರು ತಿಂಗಳಿಗೆ ಕೈಹಾಕಿ ಪರೀಕ್ಷೆ ಮಾಡಿಸಿ.

ಎಮ್ಮೆ ಬೇರೆ ಕಥೆ. ಅದರದ್ದು ಸದ್ದಿಲ್ಲದ ಬೆದೆ. ಕೂಗುವುದು ಕಡಿಮೆ, ಹತ್ತುವುದು ಇನ್ನೂ ಕಡಿಮೆ. ನಮ್ಮ ಅತ್ತೆ ನಸುಕಿನಲ್ಲಿ ಟಾರ್ಚ್ ಹಿಡಿದು ಎಮ್ಮೆ ಮಲಗಿದ್ದ ಜಾಗದ ನೆಲ ನೋಡುತ್ತಾರೆ. ಹಿಂಬದಿ ಲೋಳೆಯ ಗುರುತಿದ್ದರೆ, ಎದ್ದ ಮೇಲೆ ಸ್ವಲ್ಪ ಸ್ವಲ್ಪವೇ ಗಂಜಲ ಹಾಕುತ್ತಿದ್ದರೆ ಅವರಿಗೆ ಅಷ್ಟು ಸಾಕು. ಬೇಸಿಗೆಯಲ್ಲಿ ಎಮ್ಮೆ ಬೆದೆ ತೋರಿಸುವುದೇ ಕಷ್ಟ. ನೆರಳು ಮಾಡಿ, ಮಧ್ಯಾಹ್ನ ಮೈಮೇಲೆ ನೀರು ಹಾಕಿ. ಚಳಿ ಶುರುವಾದರೆ ಸರಿಹೋಗುತ್ತದೆ.

ಮೇಕೆಗೆ ಇಷ್ಟೆಲ್ಲ ಪಾಡಿಲ್ಲ. ಬಾಲ ಪಟಪಟ ಆಡಿಸುತ್ತಾ ಅರಚುತ್ತದೆ, ಉಳಿದದ್ದು ಹೋತ ನೋಡಿಕೊಳ್ಳುತ್ತದೆ. ಕುರಿಯ ಬೆದೆ 17 ದಿನಕ್ಕೊಮ್ಮೆ, ಅದನ್ನು ಟಗರೇ ಕಂಡುಹಿಡಿಯಬೇಕು. ಹೋತವನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ, ಇಲ್ಲದಿದ್ದರೆ ತನ್ನ ಮರಿಗಳ ಮೇಲೇ ಹೋಗುತ್ತದೆ.

ಈಗ ಗಬ್ಬದ ದಿನಗಳ ಲೆಕ್ಕ. ಮೇಕೆ, ಕುರಿಗೆ ಸುಮಾರು 150 ದಿನ, ಹಸುವಿಗೆ 280, ಎಮ್ಮೆಗೆ 310. ಜನವರಿ 10ಕ್ಕೆ ಮೂರೂ ಗಬ್ಬ ನಿಂತವು ಅನ್ನಿ. ಮೇಕೆ ಜೂನ್ 9ರ ಆಸುಪಾಸು ಈಯುತ್ತದೆ, ಹಸು ಅಕ್ಟೋಬರ್ 17ಕ್ಕೆ, ಎಮ್ಮೆ ನವೆಂಬರ್ 16ಕ್ಕೆ. ಒಂದು ವಾರ ಹಿಂದೆ ಮುಂದೆ ಆಗಬಹುದು. ಹಸುವಾಗಲಿ ಎಮ್ಮೆಯಾಗಲಿ, ಈಯುವ ಎರಡು ತಿಂಗಳ ಮುಂಚೆ ಹಾಲು ಬತ್ತಿಸಿ. ಡೈರಿಗೆ ಹಾಕುವ ಆಸೆಗೆ ಕೊನೆಯವರೆಗೂ ಕರೆಯುವವರ ಕೊಟ್ಟಿಗೆಯಲ್ಲಿ ಮುಂದಿನ ಸೂಲಿನ ಹಾಲೇ ಇಳಿದುಹೋಗುತ್ತದೆ.

ಈಯುವಾಗ ನೀರ್ಚೀಲ ಕಾಣಿಸಿದ ಮೇಲೆ ಎರಡು ಮುಂಗಾಲು, ಅವುಗಳ ಮೇಲೆ ಮೂತಿ ಬಂದರೆ ಸರಿಯಾಗಿದೆ. ದೂರ ನಿಲ್ಲಿ. ಒಂದೇ ಕಾಲು ಬಂದರೆ, ಅಥವಾ ನೀರು ಒಡೆದು ಎರಡು ಗಂಟೆಯಾದರೂ ಏನೂ ಮುಂದುವರಿಯದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ನಾಲ್ಕು ಜನ ಸೇರಿ ಹಗ್ಗ ಕಟ್ಟಿ ಎಳೆಯುವುದು ಬೇಡವೇ ಬೇಡ.

ಕರುವಿನ ಮೂಗು, ಬಾಯಿಯ ಲೋಳೆ ಒರೆಸಿ, ಹೊಕ್ಕುಳಿಗೆ ಅಯೋಡಿನ್ ಹಚ್ಚಿ. ಗಿಣ್ಣು ಹಾಲು ಗಂಟೆಯೊಳಗೆ ಕುಡಿಸಿ. ಮಾಸು, ಅಂದರೆ ಹೊಟ್ಟೆಯಲ್ಲಿ ಕರುವಿನ ಜೊತೆಗಿದ್ದ ಪೊರೆ, ಬೀಳಲಿ ಅಂತ ಕಾಯಬೇಡಿ. ಗಿಣ್ಣಿನಲ್ಲಿರುವ ರೋಗ ತಡೆಯುವ ಶಕ್ತಿಯನ್ನು ಕರುವಿನ ಕರುಳು ಹೀರಿಕೊಳ್ಳುವುದು ಮೊದಲ ದಿನ ಮಾತ್ರ, ಅದೂ ಗಂಟೆ ಗಂಟೆಗೆ ಕಡಿಮೆಯಾಗುತ್ತದೆ. ಮನೆಯವರ ಗಿಣ್ಣು ಕರುವಿನ ಪಾಲು ಮುಗಿದ ಮೇಲೆ. ಮಾಸು 12 ಗಂಟೆಯಾದರೂ ಬೀಳದಿದ್ದರೆ ಕಲ್ಲು ಕಟ್ಟಿ ಜಗ್ಗಬೇಡಿ, ಡಾಕ್ಟರನ್ನು ಕರೆಸಿ. ಬಿದ್ದದ್ದನ್ನು ನಮ್ಮ ಕಡೆ ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುತ್ತಾರೆ, ಹಾಲು ಹೆಚ್ಚಲಿ ಅಂತ. ನಾನು ಆಳವಾಗಿ ಹೂಳಿಸುತ್ತೇನೆ. ನಾಯಿಗಳ ಕಾಟ ಇರುವುದಿಲ್ಲ.

ಅವಳಿ ಕರು ಹುಟ್ಟಿ, ಒಂದು ಗಂಡು ಒಂದು ಹೆಣ್ಣಾದರೆ ಆ ಹೆಣ್ಣುಕರುವನ್ನು ಡಾಕ್ಟರಿಗೆ ತೋರಿಸಿ. ಹೊಟ್ಟೆಯಲ್ಲಿದ್ದಾಗ ಎರಡರ ರಕ್ತ ಬೆರೆತು, ಅಂಥ ಹೆಣ್ಣುಕರುಗಳಲ್ಲಿ ಹತ್ತಕ್ಕೆ ಒಂಬತ್ತು ಬಂಜೆಯಾಗಿರುತ್ತವೆ. ಪರೀಕ್ಷೆ ಮಾಡಿಸದೆ ಅದನ್ನು ಕಡಸು (ಇನ್ನೂ ಈಯದ ಎಳೆ ಹಸು) ಅಂತ ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ.