ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಮುಂಬೈಯಲ್ಲಿ ಕ್ರೂಸ್ ಹತ್ತುವವರಿಗೆ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಾಡಿ ಬೆಳಿಗ್ಗೆ ಮುಂಬೈ ಮುಟ್ಟುತ್ತದೆ, ಹಡಗು ಸಂಜೆ ಬಿಡುತ್ತದೆ, ಲೆಕ್ಕ ಸರಿಹೋಯ್ತು ಅಂತ ಅದೇ ದಿನಕ್ಕೆ ಟಿಕೆಟ್ ಮಾಡಬೇಡಿ. ಒಂದು ದಿನ ಮುಂಚೆ ಹೋಗಿ. ರೈಲು ನಾಲ್ಕು ತಾಸು ತಡ ಆಗಬಹುದು, ಹಡಗು ಯಾರಿಗೂ ಕಾಯುವುದಿಲ್ಲ. ಹತ್ತುವ ಗೇಟನ್ನಂತೂ ಹಡಗು ಬಿಡುವ ಹೊತ್ತಿಗಿಂತ ಬಹಳ ಮುಂಚೆಯೇ ಮುಚ್ಚುತ್ತಾರೆ.

ನಾನು ಧಾರವಾಡದಿಂದ ಅಪ್ಪ-ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಇಬ್ಬರಿಗೂ ಎಪ್ಪತ್ತರ ಆಸುಪಾಸು. ಹಾಗಾಗಿ ಇಲ್ಲಿರುವುದೆಲ್ಲ ಹಿರಿಯರನ್ನು ಕರೆದುಕೊಂಡು ಹೋಗುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು.

ಹುಬ್ಬಳ್ಳಿ-ಧಾರವಾಡದವರಿಗೆ ಹುಬ್ಬಳ್ಳಿ-ದಾದರ್ ಎಕ್ಸ್‌ಪ್ರೆಸ್ ಇದೆ. ಬೆಳಗಾವಿ, ಮಿರಜ್, ಪುಣೆ ಮೇಲೆ ಹೋಗುತ್ತದೆ. ಹಾವೇರಿಯವರು ಚಾಲುಕ್ಯ, ಶರಾವತಿ ಎಕ್ಸ್‌ಪ್ರೆಸ್ ನೋಡಿ. ಅವು ದಿನಾ ಇಲ್ಲ, ವಾರ ನೋಡಿಕೊಳ್ಳಿ. ಗದಗದವರಿಗೆ ಹೊಸಪೇಟೆಯಿಂದ ಬರುವ ಮುಂಬೈ ಗಾಡಿ ಸಿಗುತ್ತದೆ. ವಿಜಯಪುರ, ಸೋಲಾಪುರ ಸುತ್ತಿಕೊಂಡು ಹೋದರೂ ನೇರ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್‌ಗೆ ಬಿಡುತ್ತದೆ, ಅಲ್ಲಿಂದ ಬಂದರು ಹತ್ತಿರವೇ.

ರಿಸರ್ವೇಶನ್ 60 ದಿನ ಮುಂಚೆ ತೆರೆಯುತ್ತದೆ. ಅಪ್ಪ-ಅವ್ವನ ಟಿಕೆಟ್ ಬೇರೆಯಾಗಿಯೇ ಮಾಡಿ. ಕೆಳಗಿನ ಬರ್ತ್‌ಗೆ ಹಿರಿಯರ ಕೋಟಾ ಇದೆ, ಗಂಡಸರಿಗೆ 60, ಹೆಂಗಸರಿಗೆ 45 ವರ್ಷ ತುಂಬಿರಬೇಕು. ಆದರೆ ಅದು ಒಬ್ಬರು ಅಥವಾ ಇಬ್ಬರು ಹಿರಿಯರು ಮಾತ್ರ ಇರುವ ಟಿಕೆಟ್‌ಗೆ ಸಿಗುವಂಥದ್ದು. ನಿಮ್ಮ ಹೆಸರೂ ಸೇರಿಸಿದಿರೋ, ಕೋಟಾ ಹೋಯ್ತು. ಎಷ್ಟೋ ಜನ ಇದು ಗೊತ್ತಿಲ್ಲದೆ ಮೊಣಕಾಲು ನೋವಿರುವ ತಾಯಿಯನ್ನು ಮಿಡಲ್ ಬರ್ತ್ ಹತ್ತಿಸುತ್ತಾರೆ, ನೋಡಿದರೆ ಸಂಕಟ ಆಗುತ್ತದೆ.

ಹುಬ್ಬಳ್ಳಿ ಸ್ಟೇಷನ್‌ನಲ್ಲಿ ಕೋಚ್ ಎಲ್ಲಿ ನಿಲ್ಲುತ್ತದೆ ಅಂತ ಬೋರ್ಡ್ ನೋಡಿಯೇ ಕುಳಿತುಕೊಳ್ಳಿ. ಅಲ್ಲಿರುವ ಉದ್ದನೆಯ ಪ್ಲಾಟ್‌ಫಾರ್ಮ್ 1507 ಮೀಟರ್, ಪ್ರಪಂಚದಲ್ಲೇ ಅತಿ ಉದ್ದದ್ದು. ನಮಗೆಲ್ಲ ಹೆಮ್ಮೆ ಹೌದು, ಆದರೆ ಗಾಡಿ ಬಂದ ಮೇಲೆ ಬ್ಯಾಗ್ ಹೊತ್ತು ಆ ತುದಿಯಿಂದ ಈ ತುದಿಗೆ ಓಡುವುದು ಹಿರಿಯರಿಂದ ಆಗದ ಕೆಲಸ.

ಬುತ್ತಿ ಕಟ್ಟಿಕೊಳ್ಳಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಆದರೆ ಗಾಡಿಯಲ್ಲೇ ಖಾಲಿ ಮಾಡಿಬಿಡಿ, ಮನೆಯಲ್ಲಿ ಮಾಡಿದ ಅಡುಗೆಯನ್ನು ಹಡಗಿನೊಳಗೆ ಬಿಡುವುದಿಲ್ಲ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಕೂಡ ಮನೆಯಲ್ಲೇ ಇರಲಿ.

ದಾದರ್‌ನಲ್ಲಿ ಇಳಿದ ಮೇಲೆ ದೊಡ್ಡ ಬ್ಯಾಗ್ ಇಟ್ಟುಕೊಂಡು ಲೋಕಲ್ ರೈಲಿನ ಸಹವಾಸ ಬೇಡ. ಬೆಳಗಿನ ಗದ್ದಲದಲ್ಲಿ ಇಳಿಯುವುದೇ ಕಷ್ಟ. ಟ್ಯಾಕ್ಸಿ ಮಾಡಿ. ಆ ರಾತ್ರಿ ದಾದರ್ ಅಥವಾ ಮಾಟುಂಗಾ ಕಡೆ ಉಳಿದರೆ ಒಳ್ಳೆಯದು. ಮಾಟುಂಗಾ ಸ್ಟೇಷನ್ ಹತ್ತಿರ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರಿಂದ ನಡೆಯುತ್ತಿರುವುದು. ಬಾಳೆಎಲೆ ಊಟ ಬಡಿಸಿದ ಮೇಲೆ ಅಪ್ಪನ ಮುಖದ ಮೇಲಿನ ದಣಿವು ಹೋಯ್ತು.

ಹಡಗಿನ ವೆಬ್ ಚೆಕ್-ಇನ್ ಊರಲ್ಲೇ ಮುಗಿಸಿ. ಆಧಾರ್‌ನಲ್ಲಿ ಹೆಸರು ಹೇಗಿದೆಯೋ ಹಾಗೇ ಟಿಕೆಟ್ಟಿನಲ್ಲೂ ಇರಲಿ. ನಮ್ಮ ಕಡೆ ತಂದೆ ಹೆಸರು, ಅಡ್ಡಹೆಸರು ಹಿಂದೆ-ಮುಂದೆ ಆಗುವುದು ಜಾಸ್ತಿ, ಅಲ್ವಾ? ಎರಡು ಸಲ ನೋಡಿ.

ಈಗ ಮುಖ್ಯ ವಿಷಯ, ಬ್ಯಾಗ್. ಬಲ್ಲಾರ್ಡ್ ಪಿಯರ್ ಕಡೆಯ ಕ್ರೂಸ್ ಟರ್ಮಿನಲ್‌ನಲ್ಲಿ ದೊಡ್ಡ ಬ್ಯಾಗ್‌ಗೆ ಕ್ಯಾಬಿನ್ ನಂಬರ್ ಚೀಟಿ ಕಟ್ಟಿ ಒಳಗೆ ಕಳಿಸುತ್ತಾರೆ. ಅದು ನಿಮ್ಮ ಬಾಗಿಲಿಗೆ ಬರುವುದು ಕೆಲವು ತಾಸು ಆದ ಮೇಲೆ. ನಾನು ಇದನ್ನು ಯೋಚನೆ ಮಾಡಿರಲಿಲ್ಲ. ಹಡಗು ಹತ್ತಿ ಕುಳಿತ ಮೇಲೆ ಅವ್ವ ಕೇಳಿದಳು, "ತಮ್ಮಾ, ಬಿಪಿ ಗುಳಿಗಿ ಎಲ್ಲಿ ಇಟ್ಟಿ?" ದೊಡ್ಡ ಬ್ಯಾಗಿನಲ್ಲಿ ಇಟ್ಟಿದ್ದೆ. ಅದು ಬರುವವರೆಗೆ ನಾನು ಆ ಉದ್ದ ಓಣಿಯಲ್ಲಿ ಎಷ್ಟು ಸಲ ಓಡಾಡಿದೆನೋ ಲೆಕ್ಕ ಇಲ್ಲ. ಗುಳಿಗೆ, ಕನ್ನಡಕ, ಗುರುತಿನ ಚೀಟಿ, ಚಾರ್ಜರ್, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಬೇಕು. ಇದೊಂದು ಮಾತು ದಯವಿಟ್ಟು ಮರೆಯಬೇಡಿ.

ಕ್ಯಾಬಿನ್ ಚಿಕ್ಕದು. ಖಾಲಿ ಬ್ಯಾಗ್ ಮಂಚದ ಕೆಳಗೆ ಹೋಗುತ್ತದೆ. ಗೋಡೆಗಳು ಸಾಮಾನ್ಯವಾಗಿ ಉಕ್ಕಿನವು, ಆಯಸ್ಕಾಂತದ ಹುಕ್ ಒಯ್ದರೆ ಟೋಪಿ, ಟವೆಲ್ ನೇತು ಹಾಕಬಹುದು. ಬಚ್ಚಲಿಗೆ ಎತ್ತರದ ಹೊಸ್ತಿಲು ಇರುತ್ತದೆ, ನೀರು ಹೊರಗೆ ಬರದಿರಲಿ ಅಂತ. ಹೊಸಬರು ಅಲ್ಲೇ ಎಡವುತ್ತಾರೆ. ನಾನೂ ಎಡವಿದೆ, ಅಪ್ಪನೂ ಎಡವಿದ. ಹೊಸ್ತಿಲು ತುಳಿಯಬಾರದು ಅಂತ ಹುಟ್ಟಿದಾಗಿನಿಂದ ಕಾಲೆತ್ತಿ ದಾಟಿ ರೂಢಿ ಇರುವ ಅವ್ವ ಮಾತ್ರ ಮೂರು ದಿನವೂ ಎಡವಲಿಲ್ಲ.

ಹತ್ತಿದ ತಕ್ಷಣ ಎಲ್ಲರೂ ಊಟಕ್ಕೆ ಓಡುತ್ತಾರೆ. ನೀವು ಮೊದಲು ಕೀ ಕಾರ್ಡ್ ನೋಡಿ, ಅದರ ಮೇಲೆ ನಿಮ್ಮ ಮಸ್ಟರ್ ಸ್ಟೇಷನ್ ಬರೆದಿರುತ್ತದೆ. ಅಪಾಯ ಆದರೆ ಸೇರಬೇಕಾದ ಜಾಗ ಅದು. ಏಳು ಸಲ ಚಿಕ್ಕದಾಗಿ, ಕೊನೆಗೊಂದು ಸಲ ಉದ್ದಕ್ಕೆ ಸೀಟಿ ಕೇಳಿದರೆ ಅಲ್ಲಿಗೆ ಹೋಗಬೇಕು. 2012ರಲ್ಲಿ ಇಟಲಿ ಹತ್ತಿರ ಕೋಸ್ಟಾ ಕಾನ್ಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಹೊಸದಾಗಿ ಹತ್ತಿದವರಲ್ಲಿ ಎಷ್ಟೋ ಜನಕ್ಕೆ ಇನ್ನೂ ಡ್ರಿಲ್, ಅಂದರೆ ಅಪಾಯ ಆದರೆ ಏನು ಮಾಡಬೇಕು ಅನ್ನುವ ತಾಲೀಮು, ಆಗಿರಲಿಲ್ಲ. ಅದಾದ ಮೇಲೆ ಹಡಗು ಬಿಡುವ ಮುಂಚೆ ಅಥವಾ ಬಿಟ್ಟ ಕೂಡಲೇ ಡ್ರಿಲ್ ಮಾಡಲೇಬೇಕು ಅಂತ ನಿಯಮ ಬಂತು. ಸುಮ್ನೆ ಶಾಸ್ತ್ರಕ್ಕೆ ನಿಲ್ಲಬೇಡಿ. ಅಪ್ಪ-ಅವ್ವನ ಕೈ ಹಿಡಿದು ಕ್ಯಾಬಿನ್‌ನಿಂದ ಅಲ್ಲಿಗೆ ಒಂದು ಸಲ ಮೆಟ್ಟಿಲು ಇಳಿದು ತೋರಿಸಿ, ಯಾಕೆಂದರೆ ಆಗ ಲಿಫ್ಟ್ ಬಳಸುವಂತಿಲ್ಲ.

ದಡ ದೂರ ಆಗುವ ಮುಂಚೆ ಎಲ್ಲರ ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಹಡಗಿನ ನೆಟ್‌ವರ್ಕ್ ಹಿಡಿದುಕೊಂಡು ಬಿಲ್ ಏರುತ್ತದೆ.

ತಲೆ ಸುತ್ತುವ ಭಯ ಇದ್ದರೆ ಬುಕ್ ಮಾಡುವಾಗಲೇ ಕೆಳಗಿನ ಡೆಕ್, ಹಡಗಿನ ನಡುಭಾಗದ ಕ್ಯಾಬಿನ್ ಕೇಳಿ, ಅಲ್ಲಿ ತೂಗಾಟ ಕಡಿಮೆ. ಗುಳಿಗೆ ಬೇಕಾದರೆ ಊರಿನ ಡಾಕ್ಟರನ್ನೇ ಕೇಳಿ, ಅದನ್ನು ವಾಂತಿ ಶುರುವಾಗುವ ಮುಂಚೆ ತೆಗೆದುಕೊಳ್ಳಬೇಕು. ಹೊಟ್ಟೆ ಪೂರ್ತಿ ಖಾಲಿ ಬಿಡಬೇಡಿ. ಮೊಸರನ್ನ ತಿಂದು, ಡೆಕ್ ಮೇಲೆ ಹೋಗಿ, ನೀರೂ ಆಕಾಶವೂ ಸೇರುವ ಗೆರೆ ನೋಡುತ್ತಾ ಕುಳಿತರೆ ಬಹಳ ಜನಕ್ಕೆ ಹಗುರ ಆಗುತ್ತದೆ.

ವಾಪಸ್ ಬರುವ ದಿನ ಹಡಗು ಬೆಳಿಗ್ಗೆ ಬಂದರು ಸೇರಿದರೂ ಇಳಿಯಲು ಹೊತ್ತು ಹಿಡಿಯುತ್ತದೆ. ರಾತ್ರಿ ಗಾಡಿಗೇ ಟಿಕೆಟ್ ಮಾಡಿ.